ನೀರು ಇಂಗಿದ ಅಂಗಳ

ಎಂಟನೇ ಕೊಡವೂ ಹೋಯಿತು. ಸುಮಂಗಲಾ ಕೊಡ ಬೋರಲು ಹಾಕಿ ಕೊನೆಯ ಹನಿ ಬೀಳಿಸುವಷ್ಟರಲ್ಲಿ ನೀರು ಇಂಗುವುದನ್ನು ನೋಡಲು ತೋಡಿದ ಗುಣಿಯ ತಳ ಮತ್ತೆ ಕಂಡಿತು.

"ಅಯ್ಯಯ್ಯ, ಇದು ನೆಲಾನೋ ರಾಕ್ಷಸನ ಹೊಟ್ಟಿನೋ!" ಎಂದು ಚಂದಮ್ಮ ಸೊಂಟಕ್ಕೆ ಕೈಯಿಟ್ಟು ನಕ್ಕಳು.

"ಜಾಗ ಛಲೋ ಅದ ಅಂತ ಅರ್ಥ ಅತ್ತಿ," ಎಂದಳು ಸುಮಂಗಲಾ. "ಒಂದು ದಿನದಾಗ ಇಂಗಿದ್ರ ಸಾಕು ಅಂದಿದ್ರು ನಮ್ಮ ಬಂಗಲೆ ಬಾಯಿ. ಇಲ್ಲಿ ಒಂದು ಉಸುರಿಗೇ ಇಂಗ್ಲತ್ತದ."

ಎಲ್ಲರೂ ನಕ್ಕರು. ಅಂಬಣ್ಣ ಮಾತ್ರ ಗುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೇ ಇದ್ದ. ಬಾಯೊಳಗಿನ ಎಲೆಯಡಿಕೆ ಜಗಿಯುವುದು ನಿಂತಿತ್ತು. ಕೆಂಪು ಎಂಜಲು ತುಟಿಯಂಚಿನಿಂದ ಗಲ್ಲಕ್ಕೆ ಇಳಿಯಿತು. ಅದು ಅವನಿಗೆ ತಿಳಿಯಲಿಲ್ಲ.

ಅದು ೨೦೦೫ರ ಮೇ ತಿಂಗಳ ಒಂದು ಭಾನುವಾರ. ಪುಣೆಯ ಸಾಸವಡ ರಸ್ತೆಯಿಂದ ಎಡಕ್ಕೆ ಗುಡ್ಡದ ಬುಡದಲ್ಲಿ ಹನ್ನೊಂದು ಮನೆಗಳ ಓಣಿ. ಎಲ್ಲರೂ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಂಬಣ್ಣನ ಮನೆಗೂ ಅವನ ವಿಧವೆ ತಂಗಿ ಚಂದಮ್ಮನ ಮನೆಗೂ ನಡುವೆ ಒಂದೇ ಗೋಡೆ, ಎದುರಿಗೆ ಒಂದೇ ಅಂಗಳ. ಮಳೆಗಾಲ ಬಂದರೆ ಗುಡ್ಡದ ನೀರೆಲ್ಲ ಆ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಹಿಂದಿನ ವರ್ಷ ಅಲ್ಲಿ ಕಟ್ಟಿದ ಪಾಚಿಯಲ್ಲಿ ಜಾರಿ ಅಂಬಣ್ಣನ ಹೆಂಡತಿ ತಿಪ್ಪವ್ವ ಬಲಗೈ ಮುರಿದುಕೊಂಡಿದ್ದಳು. ಎಲುಬು ಸೊಟ್ಟಗೆ ಕೂಡಿತು. ಅಂದಿನಿಂದ ರೊಟ್ಟಿ ಬಡಿಯುವುದು, ನೀರು ತರುವುದು, ಬಟ್ಟೆ ಒಗೆಯುವುದು ಎಲ್ಲ ಸೊಸೆ ಸುಮಂಗಲಾಳ ಪಾಲಿಗೆ ಬಂತು. ಇದು ಪುಣೆ ಕ್ಯಾಂಪಿನ ಬಂಗಲೆಯೊಂದರ ಅಡುಗೆ ಕೆಲಸ ಮುಗಿಸಿ ಬಂದ ಮೇಲೆ.

ಆ ಬಂಗಲೆಯ ಯಜಮಾನತಿ ಬಾಯಿ ತೋಟದ ಮೂಲೆಯಲ್ಲಿ ಒಂದಡಿ ತಗ್ಗು ತೆಗೆಸಿ, ಮರಳು ಗೊಬ್ಬರ ಹಾಕಿಸಿ, ನೀರು ತಾಳುವ ಗಿಡ ನೆಡಿಸಿದ್ದರು. ಛತ್ತಿನ ನೀರೆಲ್ಲ ಪೈಪಿನಲ್ಲಿ ಅಲ್ಲಿಗೆ ಬೀಳುತ್ತಿತ್ತು, ಸಂಜೆಯೊಳಗೆ ನೆಲಕ್ಕೆ ಇಳಿಯುತ್ತಿತ್ತು. ಪಾವಸಾಚಿ ಬಾಗ್ ಎನ್ನುತ್ತಿದ್ದರು ಬಾಯಿ. ಸುಮಂಗಲಾ ಮನೆಗೆ ಬಂದು ಮಳೆ ತೋಟ ಎಂದಳು. ಅಂಗಳ ಒಣಗುತ್ತದೆ, ಅತ್ತೆ ಜಾರುವುದಿಲ್ಲ, ಓಣಿಯ ಹ್ಯಾಂಡ್‌ಪಂಪಿಗೂ ನೀರು ಸೇರುತ್ತದೆ ಎಂದಳು. ಗಂಡ ಭೀಮು ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುವವನು. ಭಾನುವಾರ ಅವನಿಗೆ ಮಾಡಲು ಬೇರೇನೂ ಇರಲಿಲ್ಲ. ಹೂಂ ಎಂದ.

ಆ ನೆಲದ ವಿಷಯ ಗೊತ್ತಿದ್ದದ್ದು ಅಂಬಣ್ಣನೊಬ್ಬನಿಗೇ.

ಓಣಿ ನಿಂತಿದ್ದದ್ದು ಹಳೆಯ ಕಲ್ಲಿನ ಖಾಣಿಯ, ಕಲ್ಲು ತೆಗೆದ ಕುಳಿಯ ಮೇಲೆ. ಪುಣೆಗೆ ಬಂದ ಹೊಸದರಲ್ಲಿ ಅಂಬಣ್ಣ ಎರಡು ವರ್ಷ ಟಿಪ್ಪರಿನ ಹಮಾಲನಾಗಿದ್ದ. ಹಳೆ ಬಂಗಲೆ ಕೆಡವಿದಲ್ಲೆಲ್ಲ ಸಿಗುವ ಒಡಕು ಗೋಡೆ, ಟೈಲ್ಸು, ಕಮೋಡು, ಕೊಳೆತ ಬಾಗಿಲು, ಪುಣೆಯವರು ರಾಡಾರೋಡಾ ಎನ್ನುವ ಆ ಎಲ್ಲ ಹಾಳನ್ನು ತಂದು ತನ್ನ ಕೈಯಾರೆ ಅದೇ ಖಾಣಿಗೆ ನೂಕಿದ್ದ. ಖಾಣಿ ತುಂಬಿದ ಮೇಲೆ ಜಾಗದ ಮಾಲೀಕ ಮೇಲೆ ಎರಡಡಿ ಮುರುಮು, ಗಟ್ಟಿ ಕೂರುವ ಕೆಂಪು ಗರಸು ಮಣ್ಣು, ಹರವಿ, ರೋಲರ್ ಓಡಿಸಿ, ತುಂಡು ಮಾಡಿ ಮಾರಿದ. "ನಿಮ್ಮೂರವರನ್ನು ಹತ್ತು ಜನ ತಾ, ನಿನ್ನ ಜಾಗ ಅರ್ಧ ರೇಟು," ಎಂದ. ಅಂಬಣ್ಣ ತಂದ. ಮೊದಲು ತಂದದ್ದು ತಂಗಿಯನ್ನು.

"ಅಣ್ಣಾ, ನೆಲ ಗಟ್ಟಿ ಅದೇನು?" ಎಂದು ಕೇಳಿ ಚಂದಮ್ಮ ಜಾಗದ ದುಡ್ಡಿಗೆ ಕೊರಳಿನ ಬಂಗಾರದ ಬೋರಮಾಳ ಸರ ಬಿಚ್ಚಿದ್ದಳು.

"ಮುರುಮು ಅದ. ನಾನೇ ಕಡದು ನೋಡೀನಿ."

ಹನ್ನೆರಡು ವರ್ಷ ಯಾವ ಮನೆಯೂ ಬಿರುಕು ಬಿಡಲಿಲ್ಲ. ಅಷ್ಟರಲ್ಲಿ ಅಂಬಣ್ಣ ಟೆರೇಸಿನ ಗೌಂಡಿಯಾದ. ಒಡೆದ ಇಟ್ಟಿಗೆಗೆ ಸಿಮೆಂಟು ಕೂಡಿಸಿ ಛತ್ತಿನ ಮೇಲೆ ಹಾಸುವ ಕೋಬಾ, ನೀರು ಒಂದು ಹನಿ ಇಳಿಯದಂತೆ ಬಡಿಯುವುದು ಅವನ ಕಸುಬು. ಪ್ರತಿ ಮೇ ತಿಂಗಳು ತನ್ನ ಮನೆಯ, ತಂಗಿಯ ಮನೆಯ ಗೋಡೆಯ ಬುಡಕ್ಕೆಲ್ಲ ಸಿಮೆಂಟು ಮೆತ್ತುತ್ತಿದ್ದ. ಓಣಿಯವರು ಅದನ್ನು ಅವನ ಹುಚ್ಚು ಎನ್ನುತ್ತಿದ್ದರು.

ಎಂಟು ಕೊಡ ಇಂಗಿದ ಆ ಭಾನುವಾರ ಊಟಕ್ಕೆ ಕೂತಾಗ ಅಂಬಣ್ಣ ಹೇಳಿದ, "ತಗ್ಗು ತೆಗಿಯೂದು ಬ್ಯಾಡ."

"ಯಾಕ?" ಎಂದ ಭೀಮು, ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿಕೊಳ್ಳುತ್ತ.

"ಮನಿ ಮುಂದ ತಗ್ಗು ಶುಭ ಅಲ್ಲ."

"ಶುಭ ಅಶುಭ ಯಾವಾಗ ಕಲ್ತ್ರಿ?" ತಿಪ್ಪವ್ವ ಎಡಗೈಯಲ್ಲೇ ರೊಟ್ಟಿ ಮುರಿಯುತ್ತ ಕೇಳಿದಳು. "ಅಮಾಸಿ ದಿನ ಮಟನ್ ತರೂಮುಂದ ಎಲ್ಲಿ ಹೋಗಿತ್ತು ಈ ಶುಭ?"

"ಸೊಳ್ಳಿ ಆಗ್ತಾವ."

"ನೀರು ನಿಂತ್ರ ಆಗ್ತಾವ್ರಿ ಮಾವಾ," ಎಂದಳು ಸುಮಂಗಲಾ ಒಲೆಯ ಹತ್ತಿರದಿಂದ. "ನೀವೇ ನೋಡಿದ್ರೆಲ್ಲ, ನಿಲ್ಲಂಗೇ ಇಲ್ಲ."

"ಅದಕ್ಕೇ..." ಎಂದ ಅಂಬಣ್ಣ. ಮೂವರೂ ಅವನ ಮುಖ ನೋಡಿದರು. ಅವನು ಉಳ್ಳಾಗಡ್ಡಿ ಕಚ್ಚಿದ.

"ಅಪ್ಪಗ ನೀರು ಇಂಗಿದ್ರ ಹೊಟ್ಟಿನೋವು," ಎಂದು ಭೀಮು ನಕ್ಕ. "ಸಾಯೂದ್ರಾಗ ಭೂಮಿಗೆಲ್ಲ ಕೋಬಾ ಬಡೀಬೇಕಂತ ಮಾಡ್ಯಾನ."

"ನನ್ನ ಕೈ ನೋಡ್ರಿ," ಎಂದಳು ತಿಪ್ಪವ್ವ. ಸೊಟ್ಟ ಮಣಿಕಟ್ಟನ್ನು ಗಂಡನ ತಟ್ಟೆಯ ಮೇಲೆ ಚಾಚಿದಳು. "ಇನ್ನೊಂದು ಕೈನೂ ಮುರೀಬೇಕೇನು? ಹೇಳ್ರಿ."

ಅಂಬಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದ.

ಮುಂದಿನ ಎರಡು ಭಾನುವಾರ ತಗ್ಗು ತೋಡಿದರು. ಅಂಬಣ್ಣ ಮಟ್ಟ ನೋಡುವ ತನ್ನ ಲೆವೆಲ್ ಪೈಪು ಕೊಡಲಿಲ್ಲ. ಭೀಮು ಅಂಗಳದಲ್ಲಿ ಒಂದು ಕೊಡ ನೀರು ಚೆಲ್ಲಿ, ಅದು ಹರಿದು ನಿಂತ ಕಡೆ ಗೆರೆ ಎಳೆದ. ನೀರು ನಿಂತದ್ದು ಚಂದಮ್ಮನ ಅಡುಗೆಮನೆಯ ಮುಂದೆ.

"ಇಲ್ಲೇ ಮಾಡ್ರಿ," ಎಂದಳು ಚಂದಮ್ಮ. ಅವಳು ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವವಳು. ದಿನವಿಡೀ ಕಣ್ಣೀರು, ಬಾಯಲ್ಲಿ ಮಾತ್ರ ನಗು. "ಜಲ್ಮಕ್ಕೆಲ್ಲ ಕೊಳತ ಉಳ್ಳಾಗಡ್ಡಿ ನೋಡೀನಿ. ರೊಟ್ಟಿ ಬಡಿಯೂಮುಂದ ನಾಕು ಹೂ ನೋಡ್ತೀನಿ."

"ಗ್ವಾಡಿಯಿಂದ ಹತ್ತು ಅಡಿ ದೂರ ಇರಬೇಕು ಅಂದಾರಲ್ಲ ನಿಮ್ಮ ಬಾಯಿ?" ಎಂದ ಅಂಬಣ್ಣ ಸೊಸೆಗೆ.

"ಅಂಗಳನೇ ಒಂಬತ್ತು ಅಡಿ ಅದಲ್ರಿ ಮಾವಾ."

"ಹತ್ತು ಅಡಿ ಅಂದ್ರ ಕೃಷ್ಣಾಜಿ ಕಾಕಾನ ಪಡಸಾಲ್ಯಾಗ ತೋಡಬೇಕಾಗ್ತದ," ಎಂದ ಭೀಮು. ಎದುರುಮನೆಯ ಕೃಷ್ಣಾಜಿ ಕಟ್ಟೆಯ ಮೇಲೆ ಬೀಡಿ ಸೇದುತ್ತ, "ತೋಡ್ರಿ, ಬಂಗಾರ ಹತ್ತಿದ್ರ ಅರ್ಧ ನಂದು," ಎಂದು ಕೂಗಿದ.

ಒಂದಡಿ ತೋಡಿದರು. ಬರೀ ಕೆಂಪು ಮುರುಮು ಸಿಕ್ಕಿತು. ಚಂದಮ್ಮ ಒಂದು ಹಿಡಿ ಎತ್ತಿ ಅಣ್ಣನ ಮುಂದೆ ಹಿಡಿದಳು. "ನೋಡು, ನೀ ಅಂದಂಗೇ ಅದ."

ಅವನು ಅದನ್ನು ನೋಡಿದ. ಬಸ್ಸಿಗೆ ತಡವಾಯಿತು ಎಂದು ಹೊರಟ. ಭಾನುವಾರ ಅವನಿಗೆ ಕೆಲಸವಿರಲಿಲ್ಲ.

ಮರಳು ಹಾಕಿದರು, ಮೇಲೆ ಗೊಬ್ಬರದ ಮಣ್ಣು ಹಾಕಿದರು. ಎರಡೂ ಮನೆಯ ಛಾವಣಿಯ ಪತ್ರಾಸಿನಿಂದ ಪೈಪು ಇಳಿಸಿದರು. ಬಂಗಲೆಯಿಂದ ತಂದ ಕಾಬಾಳೆ ಗಡ್ಡೆ, ಕೆಸವು, ಬಜೆ ನೆಟ್ಟರು.

ಜೂನ್ ಮೊದಲ ವಾರ ಅಂಬಣ್ಣ ಜ್ವರ ಎಂದು ಮನೆಯಲ್ಲಿ ಉಳಿದ. ಭೀಮು, ಸುಮಂಗಲಾ, ಚಂದಮ್ಮ ಕೆಲಸಕ್ಕೆ ಹೋಗಿದ್ದರು. ತಿಪ್ಪವ್ವ ಕೈಗೆ ಶಾಖ ಕೊಡಿಸಲು ಹಡಪಸರದ ದವಾಖಾನೆಗೆ ಹೋಗಿದ್ದಳು. ಅವನು ಗಿಡಗಳನ್ನು ಕಿತ್ತು ಸಾಲಾಗಿ ಗೋಣಿಯ ಮೇಲೆ ಇಟ್ಟ. ಮಣ್ಣು, ಮರಳು ಬೇರೆ ಬೇರೆ ತೆಗೆದ. ತಗ್ಗಿನ ತಳಕ್ಕೂ ಬದಿಗೂ ಇಟ್ಟಿಗೆ ಚೂರು ಕೂಡಿಸಿ, ಸಿಮೆಂಟು ಸುರಿದು, ಥಾಪಿಯಿಂದ ಉಜ್ಜಿ ನುಣುಪು ಮಾಡಿದ. ಬಿಸಿಲಿಗೆ ಬಿಟ್ಟು, ಮೂರು ಗಂಟೆಗೆ ಮರಳು ಮಣ್ಣು ಹಿಂದೆ ಹಾಕಿ ಗಿಡಗಳನ್ನು ಇದ್ದ ಜಾಗದಲ್ಲೇ ನೆಟ್ಟ. ಸಂಜೆ ಸುಮಂಗಲಾ ಬಂದವಳು, "ನೀರು ಹಾಕೀರೇನ್ರಿ ಮಾವಾ? ಜ್ವರದಾಗ ಯಾಕ್ರಿ?" ಎಂದು ಅವನಿಗೆ ಗಂಜಿ ಕಾಸಿಕೊಟ್ಟಳು.

ಮೊದಲ ದೊಡ್ಡ ಮಳೆ ಬಿತ್ತು. ತಗ್ಗು ತುಂಬಿತು. ಮೊದಲ ದಿನ ಇಳಿಯಲಿಲ್ಲ, ಎರಡನೇ ದಿನ ಇಳಿಯಲಿಲ್ಲ. ಮೂರನೇ ದಿನ ನೀರು ಹಸಿರಾಯಿತು, ಕಾಬಾಳೆ ಎಲೆ ಹಳದಿಯಾಯಿತು.

"ಏ ಸುಮಂಗಲಾ, ಎಮ್ಮಿ ತರ್ಲೇನು? ನಿನ್ನ ತ್ವಾಟದಾಗ ಮೈ ತೊಳೀಬಹುದು," ಎಂದಳು ಚಂದಮ್ಮ ಬಾಗಿಲಲ್ಲಿ ನಿಂತು.

ಓಣಿಯ ಹೆಂಗಸರು ನಕ್ಕರು. ಸುಮಂಗಲಾ ಸೀರೆ ಎತ್ತಿ ಕಟ್ಟಿ ತಗ್ಗಿಗೆ ಇಳಿದಳು. ಕೆಸರಿನಲ್ಲಿ ಎರಡೂ ಕೈ ಅದ್ದಿ ತಳದವರೆಗೆ ಹಾಕಿದಳು. ಹಾಗೇ ನಿಂತಳು. ಕೈ ಹೊರಗೆ ತೆಗೆದಾಗ ಒಂದು ಉಗುರು ಸೀಳಿ ರಕ್ತ ಬಂದಿತ್ತು.

"ಅತ್ತೀ," ಎಂದು ತಿಪ್ಪವ್ವನನ್ನು ಕೂಗಿದಳು. "ಕೆಳಗ ಸಿಮೆಂಟ್ ಅದ."

ಸಂಜೆ ಅಂಬಣ್ಣ ಬರುವ ಹೊತ್ತಿಗೆ ಭೀಮು ನೀರು ಮೊಗೆದು ಹಾಕಿ ಮಣ್ಣು ಎತ್ತಿದ್ದ. ನುಣ್ಣನೆಯ ಬೂದು ತಳ ಎಲ್ಲರಿಗೂ ಕಾಣುತ್ತಿತ್ತು. ಥಾಪಿಯ ಗುರುತು ಯಾರದೆಂದು ಓಣಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

"ಕಳ್ಳರಂಗ," ಎಂದಳು ತಿಪ್ಪವ್ವ. "ಸೊಸಿ ಮಾಡಿದ ಕೆಲಸಕ್ಕ ಕಳ್ಳರಂಗ ಸಿಮೆಂಟ್ ಬಡದೀರಿ. ಜ್ವರ ಅಂತ ಗಂಜಿ ಬ್ಯಾರೆ ಕುಡದೀರಿ. ನಾಚಿಕಿ ಬರಲಿಲ್ಲೇನ್ರಿ?"

"ಏನ್ ತಪ್ಪು ಮಾಡೀನ್ರಿ ಮಾವಾ ನಾ?" ಸುಮಂಗಲಾ ಅಳಲಿಲ್ಲ. "ಕಾರಣ ಹೇಳಿ ಬ್ಯಾಡ ಅಂದಿದ್ರ ಬಿಡ್ತಿದ್ದೆ. ಯಾಕ ಬ್ಯಾಡ ಅಂತ ಒಂದು ಮಾತು ಹೇಳ್ರಿ."

ಅಂಬಣ್ಣ ಡಬ್ಬಿಯ ಚೀಲ ಕೈಯಲ್ಲೇ ಹಿಡಿದು ನಿಂತಿದ್ದ.

ಭೀಮು ಹಾರೆ ಎತ್ತಿ ಬಡಿದ. ನಾಲ್ಕನೇ ಏಟಿಗೆ ಕೋಬಾ ಸೀಳಿತು. ಐದನೇ ಏಟಿಗೆ ಹಾರೆ ಅದನ್ನು ದಾಟಿ ಅವನ ಮುಷ್ಟಿ ನೆಲಕ್ಕೆ ತಾಗುವವರೆಗೆ ಒಳಗೆ ಹೋಯಿತು. ಭೀಮು ಮುಗ್ಗರಿಸಿದ.

"ಬೆಣ್ಣಿ ಇದ್ದಂಗ ಅದಲ್ಲ," ಎಂದ. ಹಾರೆ ಎಳೆದು ಅದರ ತುದಿ ನೋಡಿದ. "ಅಪ್ಪಾ, ಮುರುಮು ಇಷ್ಟು ಮೆತ್ತಗ ಇರ್ತದೇನು?"

ಅಂಬಣ್ಣ ಬಾಯಿ ತೆರೆದ. ಚಂದಮ್ಮ ತನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳೂ ತಲೆಯೆತ್ತಿ ಅವನನ್ನೇ ನೋಡಿದಳು.

"ನೀರು ಕುಡದು ಮೆತ್ತಗ ಆಗೇದ," ಎಂದ ಅಂಬಣ್ಣ. "ಮುರುಮೇ ಅದು."

ಭೀಮು ಕೋಬಾವನ್ನು ಪೂರ್ತಿ ಒಡೆದು ತೆಗೆದ. ಸುಮಂಗಲಾ ಮರಳು ಮಣ್ಣು ತುಂಬಿ ಗಿಡಗಳನ್ನು ಮತ್ತೆ ನೆಟ್ಟಳು. ಮಾವ ಸೊಸೆಯ ನಡುವೆ ಮಾತು ನಿಂತಿತು. ಅವಳು ರೊಟ್ಟಿ ಬಡಿದು ತಟ್ಟೆಯನ್ನು ನೆಲಕ್ಕಿಟ್ಟು ಹೋಗುತ್ತಿದ್ದಳು. ಇನ್ನೊಂದು ಬೇಕೇ ಎಂದು ಕೇಳುತ್ತಿರಲಿಲ್ಲ. ಅವನೂ ಕೇಳದೆ ಎರಡೇ ರೊಟ್ಟಿಗೆ ಏಳುತ್ತಿದ್ದ.

ಪಂಢರಪುರಕ್ಕೆ ಹೋಗುವ ಪಾಲಖಿ ಸಾಸವಡದ ಕಡೆ ದಾಟಿದ ಮೇಲೆ ಮಳೆ ಹಿಡಿಯಿತು. ತಗ್ಗು ಪ್ರತಿ ಮಳೆಗೂ ತುಂಬಿ, ಬೀಡಿ ಸೇದಿ ಮುಗಿಸುವಷ್ಟರಲ್ಲಿ ಬರಿದಾಗುತ್ತಿತ್ತು. ಅಂಗಳ ಒಣಗಿತು. ತಿಪ್ಪವ್ವ ವರ್ಷದ ಮೇಲೆ ಮೊದಲ ಸಲ ಗೋಡೆ ಹಿಡಿಯದೆ ಅಂಗಳ ದಾಟಿದಳು. ಕಾಬಾಳೆ ಕೆಂಪು ಹೂ ಬಿಟ್ಟಿತು. ಓಣಿಯವರು ಬಂದು ನೋಡಿ ಹೋದರು. "ನನ್ನ ಮನಿ ಮುಂದೂ ಒಂದು ಮಾಡಿಕೊಡವ್ವ," ಎಂದ ಕೃಷ್ಣಾಜಿ. ಸುಮಂಗಲಾ ದೀಪಾವಳಿ ಆದ ಮೇಲೆ ನೋಡೋಣ ಎಂದಳು. ಅವಳ ನಡಿಗೆಯೇ ಬದಲಾಗಿತ್ತು.

ಅಂಬಣ್ಣ ದಿನಾ ಬೆಳಿಗ್ಗೆ ತಂಗಿಯ ಅಡುಗೆಮನೆಗೆ ಹೋಗಿ ಚಹಾ ಕೇಳತೊಡಗಿದ. ಚಹಾ ಆಗುವವರೆಗೆ ಹಿಮ್ಮಡಿಯಿಂದ ನೆಲದ ಫರಸಿಯನ್ನು ಅಲ್ಲಲ್ಲಿ ಬಡಿಯುತ್ತಿದ್ದ.

"ವೈನಿ, ಬರ್ರಿ ಇಲ್ಲಿ," ಎಂದು ಚಂದಮ್ಮ ಗೋಡೆಯಾಚೆ ಕೂಗುತ್ತಿದ್ದಳು. "ನಿಮ್ಮ ಗಂಡ ನನ್ನ ಮನ್ಯಾಗ ಕುಣೀಲತ್ತಾನ."

ಜುಲೈ ಮೂರನೇ ವಾರ ಒಂದು ಬೆಳಿಗ್ಗೆ, ಒಲೆಯ ಎಡಕ್ಕೆ ಬಡಿದಾಗ ಸದ್ದು ಬೇರೆ ಬಂತು. ಖಾಲಿ ಡಬ್ಬಿ ತಟ್ಟಿದಂತೆ. ಅಂಬಣ್ಣ ಮತ್ತೊಮ್ಮೆ ಬಡಿದ. ಕಾಲು ಹಿಂದಕ್ಕೆ ತೆಗೆದ.

"ಚಂದಮ್ಮ, ನಾಕು ದಿನ ನಮ್ಮ ಮನ್ಯಾಗ ಬಂದು ಇರು."

"ಯಾಕೋ?"

"ಮಳಿ ಭಾಳ ಅದ."

"ನಿಮ್ಮ ಮನ್ಯಾಗ ಮಳಿ ಬರಲ್ಲೇನು?" ಅವಳು ಚಹಾ ಸೋಸಿ ಕೊಟ್ಟಳು. "ನಿನಗ ಸೊಸಿ ರೊಟ್ಟಿ ಹಾಕಲ್ಲ ಅಂತ ನನ್ನ ಕರೀಲತ್ತಿ. ಬಾ, ಇಲ್ಲೇ ಉಣ್ಣು."

ಅವನು ಚಹಾ ಕುಡಿದ. ಕಪ್ಪು-ಬಸಿ ತೊಳೆದಿಟ್ಟ. ಬಾಗಿಲಲ್ಲಿ ಒಂದು ಸಲ ನಿಂತ. ಕೆಲಸಕ್ಕೆ ಹೋದ.

ಆಮೇಲೆ ನಾಲ್ಕು ದಿನ ಮಳೆ ಬಿಡಲೇ ಇಲ್ಲ. ಐದನೇ ದಿನ ಬೆಳಿಗ್ಗೆ ಏಳು ಗಂಟೆಗೆ ಅಂಬಣ್ಣನ ಮನೆಯಲ್ಲಿ ಎಲ್ಲರೂ ಚಹಾಕ್ಕೆ ಕೂತಿದ್ದರು. ಗೋಡೆಯಾಚೆ ಚಂದಮ್ಮ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅದು ನಿಂತಿತು. ದೊಡ್ಡ ಸದ್ದೇನೂ ಆಗಲಿಲ್ಲ, ಜೋಳದ ಚೀಲ ಕೆಳಗಿಟ್ಟಷ್ಟೇ. ಗೋಡೆ ಮೇಲಿನಿಂದ ಕೆಳಗೆ ಸೀಳಿತು. ಸೀಳಿನಲ್ಲಿ ಬೆಳಕು ಕಂಡಿತು.

ಮೊದಲು ಓಡಿದವಳು ಸುಮಂಗಲಾ. ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಅಡುಗೆಮನೆಗೆ ನೆಲವಿರಲಿಲ್ಲ. ಮಾಡದಲ್ಲಿ ಉಪ್ಪಿನ ಡಬ್ಬಿ, ಗೋಡೆಗೆ ಕ್ಯಾಲೆಂಡರು ಇದ್ದಲ್ಲೇ ಇದ್ದವು. ಅವುಗಳ ಕೆಳಗೆ ಕಪ್ಪು ಕುಳಿ. ಸ್ಟೋ, ಹಿಟ್ಟಿನ ಪರಾತ, ಚಂದಮ್ಮ ಯಾವುದೂ ಇರಲಿಲ್ಲ. ತಗ್ಗಿನ ನೀರು ಗೋಡೆಯ ಅಡಿಯಿಂದ ಜೊಳಜೊಳ ಎಂದು ಒಳಗೆ ಸುರಿಯುತ್ತಿತ್ತು.

"ಅತ್ತೀ!" ಎಂದಳು ಸುಮಂಗಲಾ.

"ಅಣ್ಣಾ," ಎಂದು ಕೆಳಗಿನಿಂದ ಬಂತು.

ಅಂಬಣ್ಣ ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ಇಣುಕಿದ. ಒಂದೂವರೆ ಆಳು ಕೆಳಗೆ ಚಂದಮ್ಮ ಕೂತಿದ್ದಳು. ಮುಖವೆಲ್ಲ ಜೋಳದ ಹಿಟ್ಟು. ಬಲಗಾಲು ಸಿಮೆಂಟಿನ ತುಂಡೊಂದರ ಕೆಳಗೆ ಸಿಕ್ಕಿತ್ತು. ಅವಳು ಅಳುತ್ತಿರಲಿಲ್ಲ. ಸುತ್ತಲೂ ನೋಡುತ್ತಿದ್ದಳು.

"ಅಣ್ಣಾ, ಇಲ್ಲಿ ಒಂದು ವಾಶ್‌ಬೇಸಿನ್ ಅದ."

"ಮಾತಾಡಬ್ಯಾಡ. ಭೀಮು, ಹಗ್ಗ ತಾ!"

"ನೀಲಿ ಬಣ್ಣದ್ದು. ಟೈಲ್ಸ್ ಅವ. ಬಾಗಿಲ ಅದ." ಮಾತಿನ ನಡುವೆ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ಮುರುಮು ಎಲ್ಲಿ ಅದ ಅಣ್ಣಾ?"

ಅಂಬಣ್ಣ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಸಿಮೆಂಟಿನ ತುಂಡು ಎತ್ತಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಓಣಿಯೆಲ್ಲ ಅಂಗಳದಲ್ಲಿ ನೆರೆದಿತ್ತು. ಕೃಷ್ಣಾಜಿ ಕುಳಿಯನ್ನು ನೋಡಿದ, ಹೂ ಬಿಟ್ಟ ಕಾಬಾಳೆ ನೋಡಿದ.

"ಬಂಗಲೆ ಮಂದಿ ಶಾಣ್ಯಾತನ ಇಲ್ಲಿ ತಂದೆಲ್ಲವ್ವ," ಎಂದ ಸುಮಂಗಲಾಳಿಗೆ. "ನೀರು ಒಳಗ ಬಿಟ್ಟು ಒಬ್ಬಾಕಿ ಮನಿ ಕೆಡವಿದಿ."

"ನಾ ಬ್ಯಾಡ ಅಂತ ಅಂದಿದ್ದೆ," ಎಂದ ಭೀಮು, ಹಗ್ಗ ಎಳೆಯುತ್ತಲೇ.

ಸುಮಂಗಲಾ ಗಂಡನ ಮುಖ ನೋಡಿದಳು. ಅವನು ಹಗ್ಗವನ್ನೇ ನೋಡುತ್ತಿದ್ದ. ಅವಳು ತಗ್ಗಿನ ಹತ್ತಿರ ಹೋಗಿ ಗಿಡಗಳನ್ನು ಎರಡೂ ಕೈಯಿಂದ ಕಿತ್ತೊಗೆಯತೊಡಗಿದಳು. ತಿಪ್ಪವ್ವ ಬಂದು ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

ಚಂದಮ್ಮನನ್ನು ಮೇಲೆ ತಂದು ಹೊರಸಿನ ಮೇಲೆ ಮಲಗಿಸಿದರು. ಕಾಲು ಮೊಳಕಾಲಿನ ಕೆಳಗೆ ಬೇರೆ ಕಡೆ ತಿರುಗಿತ್ತು. ಭೀಮು ಟೆಂಪೋ ಹಿಂದಕ್ಕೆ ತಂದ. ಓಣಿಯವರು ಮಳೆಗೆ ಹೆದರಿ ಒಬ್ಬೊಬ್ಬರೇ ಮನೆಗೆ ಹೋದರು. ಹೋಗುವಾಗ ಕೃಷ್ಣಾಜಿ, "ಪುಣ್ಯಾಕ್ಕ ನಮ್ಮ ಮನಿ ಮುಂದ ಮಾಡ್ಸಲಿಲ್ಲ," ಎಂದ.

ಅಂಬಣ್ಣ ಕೆಸರು ಮೈಯಲ್ಲಿ ಹೊರಸಿನ ಕಾಲ ಬಳಿ ನಿಂತಿದ್ದ.

"ನಿನಗ ಗೊತ್ತಿತ್ತೇನು?" ಎಂದಳು ಚಂದಮ್ಮ.

ತಿಪ್ಪವ್ವ, ಸುಮಂಗಲಾ ಇಬ್ಬರೂ ತಿರುಗಿದರು.

"ಹ್ಞೂಂ," ಎಂದ ಅಂಬಣ್ಣ.

"ಮೊದಲಿಂದ?"

"ನಾನೇ ತಂದು ಒಗದಿದ್ದೆ. ಟಿಪ್ಪರಿನ್ಯಾಗ."

ಭೀಮು ಟೆಂಪೋದ ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಸುಮಂಗಲಾಳ ಕೈಯಲ್ಲಿ ಇನ್ನೂ ಒಂದು ಕಾಬಾಳೆ ಗಡ್ಡೆಯಿತ್ತು. ಅವಳು ಮಾವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆ ಮೂರು ದಿನದ ಹಸಿರು ನೀರು, ಓಣಿಯ ನಗು, ಸೀಳಿದ ಉಗುರು, ಅಷ್ಟೆಲ್ಲ ಆದಾಗಲೂ ಈತ ಹೇಳಿರಲಿಲ್ಲ. ಈಗ ತನ್ನನ್ನು ಮನೆ ಕೆಡವಿದವಳು ಎಂದಾಗಲೂ ಹೇಳಿರಲಿಲ್ಲ.

ಹೊರಸನ್ನು ಟೆಂಪೋಕ್ಕೆ ಏರಿಸಿದರು. ಅಂಬಣ್ಣ ಹಿಂದೆ ಹತ್ತಲು ಕಾಲಿಟ್ಟ.

"ಅಣ್ಣ ಬ್ಯಾಡ," ಎಂದಳು ಚಂದಮ್ಮ, ಕಣ್ಣು ಮುಚ್ಚಿಕೊಂಡೇ. "ಸುಮಂಗಲಾ ಬರ್ಲಿ."

ಅವನು ಕಾಲು ಇಳಿಸಿದ. ಸುಮಂಗಲಾ ಅವನನ್ನು ದಾಟಿ ಹತ್ತಿ ಕೂತಳು. ಟೆಂಪೋ ಓಣಿಯ ತುದಿಯಲ್ಲಿ ತಿರುಗಿತು.

ತಿಪ್ಪವ್ವ ಮನೆಯೊಳಗೆ ಹೋಗಲಿಲ್ಲ. ಅಂಗಳದಲ್ಲೂ ನಿಲ್ಲಲಿಲ್ಲ. ಹಿಂದೆ ಹಿಂದೆ ಸರಿದು ರಸ್ತೆಯ ಡಾಂಬರಿನ ಮೇಲೆ ಹೋಗಿ ನಿಂತಳು.

"ಇನ್ನ ಒಂಬತ್ತು ಮನಿ ಅವ," ಎಂದಳು ಅಲ್ಲಿಂದಲೇ. "ಹೋಗ್ರಿ."

ಅಂಬಣ್ಣ ಕೃಷ್ಣಾಜಿಯ ಕಟ್ಟೆ ಹತ್ತಿದ. ಒಳಗೆ ಕೃಷ್ಣಾಜಿ ರೊಟ್ಟಿಗೆ ಕೂತಿದ್ದ. ಅವನ ಹೆಂಡತಿ ಒಲೆಯ ಮುಂದಿದ್ದಳು. ಮೊಮ್ಮಗಳು ನೆಲದ ಮೇಲೆ ನಿದ್ದೆ ಮಾಡುತ್ತಿದ್ದಳು.

"ಬಾರೋ, ಹೆಂಗದಾಳ ಚಂದಮ್ಮ?"

"ಕೃಷ್ಣಾಜಿ, ಒಲಿ ಆರಸ್ರಿ. ಮೊಮ್ಮಗಳನ್ನ ಎತ್ಕೊಂಡು ಹೊರಗ ಬರ್ರಿ."

"ಯಾಕೋ? ನಾವೇನು ನಿನ್ನ ಸೊಸಿಯಂಗ ತಗ್ಗು ತೆಗದೀವೇನು?"

"ನಿಮ್ಮ ಮನಿ ಕೆಳಗೂ ಅದೇ ರಾಡಾರೋಡಾ, ಅದೇ ಪೊಳ್ಳು ಅದ," ಎಂದ ಅಂಬಣ್ಣ. "ಮನಿ ಕಟ್ಟೂಕಿಂತ ಮೊದಲಿಂದ ಅದ. ನನಗ ಗೊತ್ತಿತ್ತು."

ಕೃಷ್ಣಾಜಿಯ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವನು ಮೆಲ್ಲಗೆ ಎದ್ದು, ಕೂತ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲೂ ಅದೇ ನೆಲವಿತ್ತು.